ಎದುರಿಗೆ ಕೂತವರ ಅರ್ಥ

ಎಲ್ಲರಿಗೂ ನಮಸ್ಕಾರ.

ವೇಷ ಕಟ್ಟದೆ ಕೂತು, ಪದ್ಯಕ್ಕೆ ಪಾತ್ರವಾಗಿ ಮಾತಿನಲ್ಲೇ ಅರ್ಥ ಹೇಳುವ ತಾಳಮದ್ದಳೆ ಕೇಳದವರು ಶಿರಸಿಯ ಈ ಸಭೆಯಲ್ಲಿ ಇರಲಿಕ್ಕಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. ವಾಲಿವಧೆ ಪ್ರಸಂಗ ನೆನಪು ಮಾಡಿಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಆ ಹೊತ್ತಿಗೆ ನಮಗೆ ವಾಲಿಯದ್ದೇ ಸರಿ ಅನ್ನಿಸುತ್ತದೆ. ರಾಮ ಉತ್ತರ ಕೊಡಲು ತೊಡಗಿದ ಮೇಲೆ, ಹೌದಲ್ವಾ, ತಮ್ಮನ ಹೆಂಡತಿಯನ್ನೇ ಇಟ್ಟುಕೊಂಡವನು ಧರ್ಮ ಕೇಳುವುದೇ ಅನ್ನಿಸುತ್ತದೆ. ಇವತ್ತು ವಾಲಿಯ ಅರ್ಥ ಹೇಳಿದವರೇ ಮುಂದಿನ ವಾರ ಇನ್ನೊಂದು ಊರಿನಲ್ಲಿ ರಾಮನಾಗಿ ಕೂರುತ್ತಾರೆ. ಅದೇ ಕಥೆ, ಅದೇ ಪದ್ಯ. ಕೂತ ಜಾಗ ಬದಲಾಯಿತು, ಕೊಡುವ ಕಾರಣವೂ ಬದಲಾಯಿತು.

ಅರ್ಥಧಾರಿಗೆ ಇದು ಗೊತ್ತಿರುತ್ತದೆ. ನಮ್ಮ ದಿನದ ಬದುಕಿನಲ್ಲಿ ನಮಗೆ ಗೊತ್ತಾಗುವುದಿಲ್ಲ. ಕಾರಣ ನೋಡಿ ಪಕ್ಷ ಹಿಡಿದೆ ಅಂತ ನಾವು ನಂಬಿರುತ್ತೇವೆ. ಪಕ್ಷ ಹಿಡಿದಾದ ಮೇಲೆ ಕಾರಣ ಹುಡುಕಿದ್ದೇ ಜಾಸ್ತಿ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಕೋಹೆನ್ 2003ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಬಡವರಿಗೆ ಸರ್ಕಾರ ಕೊಡುವ ನೆರವಿನ ಎರಡು ಯೋಜನೆ. ಒಂದು ಕೈಬಿಚ್ಚಿ ಕೊಡುವಂಥದ್ದು, ಇನ್ನೊಂದು ತುಂಬಾ ಬಿಗಿ. ವಿದ್ಯಾರ್ಥಿಗಳಿಗೆ ಇವುಗಳನ್ನು ಓದಲು ಕೊಟ್ಟು, ಇದಕ್ಕೆ ಇಂಥ ಪಕ್ಷದ ಬೆಂಬಲವಿದೆ ಎಂದೂ ತಿಳಿಸಿದರು. ನಮ್ಮ ಪಕ್ಷದ ಬೆಂಬಲ ಇದೆ ಅಂತ ಗೊತ್ತಾದರೆ ಸಾಕು, ಧಾರಾಳ ಬೇಕೆನ್ನುವವರು ಬಿಗಿಯದ್ದನ್ನೂ ಒಪ್ಪಿದರು, ಬಿಗಿ ಬೇಕೆನ್ನುವವರು ಧಾರಾಳದ್ದನ್ನೂ ಒಪ್ಪಿದರು. ಯಾಕೆ ಒಪ್ಪಿದಿರಿ ಅಂದರೆ, ಯೋಜನೆಯ ವಿವರ ನೋಡಿ ಅಂದರು. ಪಕ್ಷ ನೋಡಿ ತೀರ್ಮಾನ ಮಾಡುವವರು ಬೇರೆಯವರು, ತಾವಲ್ಲ ಅಂತ ಅವರ ನಂಬಿಕೆ. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ ಅದು. ಅವರಿಗೆ ನಿಜಕ್ಕೂ ಹಾಗೇ ಅನ್ನಿಸಿತ್ತು.

ದೇವಿಮನೆ ಘಟ್ಟದ ರಸ್ತೆಯಲ್ಲಿ ಹೊಂಡ ಬಿದ್ದಾಗ ನಾವು ಆಡುವ ಮಾತು ಕೇಳಿ. ನಮ್ಮವರ ಸರ್ಕಾರ ಇದ್ದರೆ, ಈ ವರ್ಷ ಮಳೆ ಜಾಸ್ತಿ. ಅವರ ಸರ್ಕಾರ ಇದ್ದರೆ, ದುಡ್ಡು ತಿಂದರು. ಹೊಂಡ ಮಾತ್ರ ಅದೇ.

ಈ 'ನಮ್ಮವರು' ಹುಟ್ಟಲು ಎಷ್ಟು ಬೇಕು? ಹೆನ್ರಿ ತಾಜ್‌ಫೆಲ್ ಎಂಬ ವಿಜ್ಞಾನಿಯನ್ನು ಕಾಡಿದ ಪ್ರಶ್ನೆ ಇದು. ಅವರು ಪೋಲೆಂಡಿನ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಬದುಕಿ ಬಂದರು. ಬರುವಷ್ಟರಲ್ಲಿ ಮನೆಯವರಲ್ಲಿ ಹೆಚ್ಚಿನವರು ಉಳಿದಿರಲಿಲ್ಲ. ಅಂಥ ನೋವು ಉಂಡವರು ಕೇಳಿದ ಪ್ರಶ್ನೆ ಅಂತ ನೆನಪಿಡಿ. 1970ರ ಹೊತ್ತಿಗೆ ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ ಶಾಲಾ ಹುಡುಗರಿಗೆ ಇಬ್ಬರು ಕಲಾವಿದರ ಚಿತ್ರ ತೋರಿಸಿದರು. ನಿನಗೆ ಇಷ್ಟವಾಗಿದ್ದು ಇವರದ್ದು, ನೀನು ಈ ಗುಂಪು ಅಂದರು. ನಿಜವಾಗಿ ಗುಂಪು ಮಾಡಿದ್ದು ಕೈಗೆ ಬಂದ ಹಾಗೆ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತ ಯಾವ ಹುಡುಗನಿಗೂ ಗೊತ್ತಿಲ್ಲ. ಜಗಳ ಇಲ್ಲ, ಹಳೇ ದ್ವೇಷ ಇಲ್ಲ. ಆದರೂ ದುಡ್ಡು ಹಂಚು ಅಂದಾಗ ತನ್ನ ಗುಂಪಿನ ಕಡೆಗೇ ಕೈ ವಾಲಿತು. ನನ್ನ ಮನಸ್ಸಿಗೆ ತಾಗಿದ್ದು ಇನ್ನೊಂದು. ನಮ್ಮವರಿಗೆ ಸ್ವಲ್ಪ ಕಮ್ಮಿಯಾದರೂ ಅಡ್ಡಿಯಿಲ್ಲ, ಅವರಿಗಿಂತ ಜಾಸ್ತಿ ಸಿಗಬೇಕು ಎನ್ನುವ ಲೆಕ್ಕವೂ ಅಲ್ಲಿ ಕಂಡಿತು.

ಇದನ್ನು ಓದುವಾಗ ನನಗೆ ನಮ್ಮ ಮನೆಯೇ ನೆನಪಾಯಿತು. ಅಪ್ಪ ಮತ್ತು ಚಿಕ್ಕಪ್ಪ ಹಿಸೆಯಾದ ಮೇಲೂ ಚೆನ್ನಾಗಿಯೇ ಇದ್ದರು. ಒಂದು ಮಳೆಗಾಲ ದನ ನುಗ್ಗಿ ತೋಟದ ಬೇಲಿ ಮುರಿಯಿತು. ಕೆಲಸಕ್ಕೆ ಬಂದವನು ಮಣ್ಣು ಮೆತ್ತಗಿದ್ದಲ್ಲಿ ಗೂಟ ಹುಗಿದು ಹೋದ. ಬೇಲಿ ನಮ್ಮ ಕಡೆಗೆ ಒಂದು ಮೊಳ ಸರಿಯಿತು. ಒಂದೇ ಮೊಳ, ಒಂದು ಅಡಿಕೆ ಸಸಿ ನೆಡಲೂ ಸಾಲದ ಜಾಗ. 'ಬೇಕಂತಲೇ ಮಾಡಿಸಿದ' ಅಂದರು ಅಪ್ಪ. 'ಸುಮ್ನೆ ನನ್ನ ಮೇಲೆ ಹೊರಿಸುತ್ತಾನೆ' ಅಂದರು ಚಿಕ್ಕಪ್ಪ. ಮಾತು ನಿಂತಿತು. ಆಮೇಲೆ ಇಬ್ಬರೂ ಹಿಂದಿನದನ್ನೆಲ್ಲ ಕೆದಕಿದರು. ಯಾವತ್ತೋ ಮದುವೆಯಲ್ಲಿ ಆಡಿದ ಮಾತು, ಆಸ್ಪತ್ರೆಗೆ ನೋಡಲು ಬಾರದ್ದು. ಸಿಟ್ಟು ಮೊದಲು ಬಂತು, ಸಾಕ್ಷಿ ಆಮೇಲೆ ಸೇರಿತು. ನಾವು ಮಕ್ಕಳೂ ಅಪ್ಪನ ಪಕ್ಷವೇ. ಬೇಲಿ ಎಲ್ಲಿತ್ತು ಅಂತ ನಮಗೆ ಗೊತ್ತೇ ಇರಲಿಲ್ಲ.

ಇದಕ್ಕೆ ಔಷಧ ಏನು? ಒಟ್ಟಿಗೆ ಕೂರಿಸಿ ಊಟ ಹಾಕಿದರೆ ಸರಿಹೋಗುತ್ತದೆ ಅಂತ ಹಿರಿಯರು ಹೇಳುತ್ತಾರೆ. ಅಷ್ಟು ಸಾಲದು. ಮನಶ್ಶಾಸ್ತ್ರಜ್ಞ ಮುಜಫರ್ ಶೆರೀಫ್ 1954ರಲ್ಲಿ ಅಮೆರಿಕದ ಒಕ್ಲಹೋಮಾದ ಒಂದು ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿದರು. ಹಗ್ಗ ಜಗ್ಗಾಟ, ಬಹುಮಾನ. ಕೆಲವೇ ದಿನದಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ತಿಂಡಿ ತೂರಾಡಿಕೊಂಡರು. ಬಳಿಕ ಶಿಬಿರದ ನೀರು ನಿಲ್ಲುವ ಹಾಗೆ ಮಾಡಿದರು. ಟ್ಯಾಂಕಿನ ನಲ್ಲಿಗೆ ಗೋಣಿ ಚೂರು ತುರುಕಿತ್ತು. ಬಾಯಾರಿದ ಎರಡೂ ಗುಂಪು ಸೇರಿ ಅದನ್ನು ಬಿಡಿಸಿತು. ಅದೇ ರಾತ್ರಿ ಮತ್ತೆ ಜಗಳ! ಇನ್ನೊಂದು ದಿನ ಊಟ ತರಬೇಕಾದ ಲಾರಿ ಶುರುವಾಗಲಿಲ್ಲ. ಜಗ್ಗಾಟದ ಅದೇ ಹಗ್ಗ ಕಟ್ಟಿ ಎಲ್ಲರೂ ಒಂದೇ ಕಡೆ ನಿಂತು ಎಳೆದರು. ಹೀಗೆ ಕೆಲಸದ ಮೇಲೆ ಕೆಲಸ ಒಟ್ಟಿಗೆ ಮಾಡಿದ ಮೇಲೆಯೇ ಹಗೆ ಕರಗಿದ್ದು.

ನಮ್ಮ ಎರಡೂ ಮನೆಗೆ ಗುಡ್ಡದ ಅಬ್ಬಿಯಿಂದ ಒಂದೇ ಪೈಪು. ಮಾತು ಬಿಟ್ಟು ಆರನೇ ವರ್ಷ, ಆಷಾಢದಲ್ಲಿ ನೀರು ನಿಂತಿತು. ಆ ಮಳೆಯಲ್ಲಿ ಒಬ್ಬರೇ ಗುಡ್ಡ ಹತ್ತುವ ಹಾಗಿಲ್ಲ. ಅಪ್ಪ ಬ್ಯಾಟರಿ ಹಿಡಿದು ಹೊರಟರು, ಚಿಕ್ಕಪ್ಪ ಹತ್ತು ಮಾರು ಹಿಂದೆ ಕತ್ತಿ ಹಿಡಿದು ಬಂದರು. ನಾನೂ ಜೊತೆಗಿದ್ದೆ. ಪೈಪಿನ ಬಾಯಿಗೆ ಸೊಪ್ಪು, ಕೆಸರು ಕಟ್ಟಿತ್ತು, ಒಳಗೊಂದು ಏಡಿ. ಒಬ್ಬರು ಬೆಳಕು ಹಿಡಿದರು, ಒಬ್ಬರು ಕೈ ಹಾಕಿ ಎಳೆದರು. ಮಾತಿಲ್ಲ. ಇಳಿದು ಬಂದು ಅವರವರ ಮನೆಗೆ ಹೋದರು. ಆ ಮಳೆಗಾಲದಲ್ಲಿ ಇನ್ನೂ ಮೂರು ಸಲ ಪೈಪು ಕಟ್ಟಿತು. ಮೂರನೇ ಸಲ 'ಜಾರ್ತು, ನೋಡ್ಕ್ಯಂಡು ಬಾ' ಅಂದರು ಅಪ್ಪ. ನಾಲ್ಕನೇ ಸಲ ಇಳಿದು ಬಂದಾಗ ಚಿಕ್ಕಪ್ಪ ಅವರ ಮನೆಯ ದಾರಿ ಹಿಡಿಯಲಿಲ್ಲ. ನಮ್ಮ ಜಗಲಿಯಲ್ಲಿ ಒದ್ದೆ ಕಂಬಳಿ ತೆಗೆದಿಟ್ಟು ಕೂತರು. ಆಯಿ ಏನೂ ಕೇಳದೆ ಎರಡು ಲೋಟ ಕಷಾಯ ತಂದಿಟ್ಟಳು. ಅಪ್ಪ ಕವಳದ ಬಟ್ಟಲನ್ನು ಅವರ ಕಡೆ ದೂಡಿದರು.

'ಸುಣ್ಣ ಇದ್ದಾ?' ಅಂದರು ಚಿಕ್ಕಪ್ಪ.

ಬೇಲಿ ಈಗಲೂ ಅಲ್ಲೇ ಇದೆ, ಒಂದು ಮೊಳ ಈಚೆಗೆ.