ಶೆಡ್ಡಿನ ಮಕ್ಕಳ ಜೊತೆ ಶೂನ್ಯ ನೆರಳಿನ ದಿನ

ಎಲ್ಲರಿಗೂ ನಮಸ್ಕಾರ. ಇವತ್ತು ಏಪ್ರಿಲ್ 24, ಬೆಂಗಳೂರಿನ ಶೂನ್ಯ ನೆರಳಿನ ದಿನ. ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ನೆಟ್ಟಗೆ ನಿಂತ ಕೋಲಿನ ನೆರಳು ಸ್ವಲ್ಪ ಹೊತ್ತು ಮಾಯವಾಗುವ ದಿನ. ಬೆಂಗಳೂರಿನ ಅಂಚಿನಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದೆ. ಅದರ ಪಕ್ಕದ ಖಾಲಿ ಸೈಟಿನಲ್ಲಿದ್ದೇನೆ. ಹಿಂದೆ ತಗಡಿನ ಶೆಡ್‌ಗಳು ಕಾಣುತ್ತಿವೆ ಅಲ್ವಾ? ರಾಯಚೂರು, ಯಾದಗಿರಿ ಕಡೆಯಿಂದ ದುಡಿಯಲು ಬಂದವರು ಅಲ್ಲಿದ್ದಾರೆ. ಅವರ ಮಕ್ಕಳೇ ಇವತ್ತಿನ ನನ್ನ ಜೊತೆಗಾರರು.

ಕಟ್ಟಡ ಮುಗಿದರೆ ಶೆಡ್ ಕಿತ್ತುಕೊಂಡು ಮುಂದಿನ ಸೈಟಿಗೆ. ಶಾಲೆ ಅರ್ಧಕ್ಕೇ ನಿಲ್ಲುತ್ತದೆ. ನನಗೆ ಇದೇ ಸಂಕಟ. ಲ್ಯಾಬ್ ನೋಡದ ಮಕ್ಕಳಿಗೆ ವಿಜ್ಞಾನ ದೂರವಾಗಬಾರದು ಅಂತ ಬಯಲಿಗೇ ಬರುತ್ತೇನೆ. ಇವತ್ತು ಬೇಕಾಗಿದ್ದು ಬಿಸಿಲು, ಸೊಂಟದೆತ್ತರದ ಒಂದು ಕೋಲು.

ಕೋಲನ್ನು ನಾನು ಕಣ್ಣಳತೆಯಲ್ಲೇ ನೆಟ್ಟೆ. ಹತ್ತು ವರ್ಷದ ಹುಡುಗಿಯೊಬ್ಬಳು ತಲೆ ಅಲ್ಲಾಡಿಸಿದಳು. "ಸೊಟ್ಟ ಅದ ಅಕ್ಕಾ. ನಮ್ಮಪ್ಪ ಗ್ವಾಡಿ ನೋಡ್ತಾನಲ್ಲ, ಹಂಗ ನೋಡಬೇಕು." ಓಡಿಹೋಗಿ ಅಪ್ಪನ ಕಬ್ಬಿಣದ ಗುಂಡು ತಂದಳು. ಸಿಮೆಂಟ್ ಮೆತ್ತಿದ ದಾರ. ಒಂದು ಕಣ್ಣು ಮುಚ್ಚಿ, ಗುಂಡು ತೂಗಾಡೋದು ನಿಲ್ಲುವವರೆಗೂ ಉಸಿರು ಬಿಗಿ ಹಿಡಿದಿದ್ದಳು. ಅವಳು ಹೇಳಿದ್ದೇ ಸರಿ. ಕೋಲು ವಾಲಿತ್ತು. ಹಾಗೇ ಬಿಟ್ಟಿದ್ದರೆ ಇಡೀ ಪ್ರಯೋಗ ಕೆಡುತ್ತಿತ್ತು.

ಆಮೇಲೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಜಲ್ಲಿಕಲ್ಲು. 11 ಗಂಟೆಗೆ ಒಂದೂವರೆ ಗೇಣಿದ್ದ ನೆರಳು 11.50ಕ್ಕೆ ಅರ್ಧ ಗೇಣಿಗೆ ಬಂತು. 12.17ಕ್ಕೆ ನೋಡಿ, ಕೋಲಿನ ಬುಡದಲ್ಲಿ ಏನೂ ಇಲ್ಲ! ಹುಡುಗರು ಕಾಲೆತ್ತಿ ಪಾದದಡಿ ನೆರಳು ಹುಡುಕುತ್ತಿದ್ದಾರೆ. ಒಬ್ಬ ಪೈಪಿನ ತುಂಡನ್ನು ನೆಲದಿಂದ ಮೇಲೆ ನೆಟ್ಟಗೆ ಹಿಡಿದ. ಒಳಗಿಂದ ಬಿಸಿಲು ನೇರ ನೆಲಕ್ಕೆ ಬಿದ್ದು, ಸುತ್ತ ಬಳೆಯಂಥ ತೆಳು ನೆರಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಮಧ್ಯಾಹ್ನ ಸೂರ್ಯ ದಿನಾ ನೆತ್ತಿ ಮೇಲೆ ಇರುತ್ತಾನೆ ಅಂತ ನಾವು ಸುಮ್ನೆ ಹೇಳ್ತೀವಿ. ನಿಜವಾಗಿ ಸರಿಯಾಗಿ ನೆತ್ತಿಗೆ ಬರೋದು ಬೆಂಗಳೂರಲ್ಲಿ ವರ್ಷಕ್ಕೆ ಎರಡೇ ದಿನ. ಇನ್ನೊಂದು ಆಗಸ್ಟ್ 18ರ ಸುಮಾರಿಗೆ, ಆಗ ಮೋಡ ಜಾಸ್ತಿ. ಉತ್ತರದಲ್ಲಿ ಸೂರ್ಯ ನೆತ್ತಿಗೆ ಬರುವ ಕೊನೆಯ ಗೆರೆಯೇ ಕರ್ಕಾಟಕ ವೃತ್ತ. ಅದರ ಆಚೆ ಇರುವ ದೆಹಲಿಗಂತೂ ಈ ದಿನವೇ ಇಲ್ಲ.

"ನಮ್ಮೂರಾಗ ಯಾವತ್ತು ಅಕ್ಕಾ?" ಅದೇ ಹುಡುಗಿ. ಊರು ರಾಯಚೂರಿನ ಹತ್ತಿರ. ಜೂನ್ 21ರವರೆಗೆ ಸೂರ್ಯ ದಿನಾ ಸ್ವಲ್ಪ ಸ್ವಲ್ಪ ಉತ್ತರಕ್ಕೆ ಸರಿಯುತ್ತಾನೆ. ಭೂಮಧ್ಯರೇಖೆಯಿಂದ ಉತ್ತರಕ್ಕೆ ಬೆಂಗಳೂರು 13 ಡಿಗ್ರಿಯಲ್ಲಿದೆ, ರಾಯಚೂರು 16ರಲ್ಲಿ. ನೆಲದ ಮೇಲೆ ಗೀಟು ಎಳೆದು ಲೆಕ್ಕ ಹಾಕಿದೆವು. ಮೇ 5ರ ಹೊತ್ತಿಗೆ.

ಸಂಜೆ ಅಪ್ಪನ ಫೋನಿನಿಂದ ಊರಿಗೆ ಹಚ್ಚಿದಳು. "ಅಜ್ಜಿ, ಮೇ ಐದಕ್ಕ ಅಂಗಳದಾಗ ಒನಕಿ ನಿಲ್ಲಿಸು. ದಾರಕ್ಕ ಕಲ್ಲು ಕಟ್ಟಿ ನೋಡು. ಸೊಟ್ಟ ಇದ್ರ ನೆರಳು ಹೋಗಂಗಿಲ್ಲ."