ಧೂಮಪಾನದ ಅಕಾಲ ಮರಣ ಮತ್ತು ತಂಬಾಕು ನಿಯಂತ್ರಣ

ಕೇಳುಗರೆಲ್ಲರಿಗೂ ನಮಸ್ಕಾರ.

"ಮೂವತ್ತು ವರ್ಷ ಸೇದಿ ಆಯಿತು ಡಾಕ್ಟ್ರೇ, ಇನ್ನು ಬಿಟ್ಟು ಏನು ಪ್ರಯೋಜನ?" ಎಂದು ನನ್ನೆದುರು ಕುಳಿತವರು ಕೇಳುವುದುಂಟು. ಅವರು ಹಾಗೆ ಕೇಳುವಾಗ, ಹಿಂದೆ ನಿಂತಿರುವ ಹೆಂಡತಿಯೋ ಮಗಳೋ ಅವರತ್ತ ನೋಡದೆ ನನ್ನ ಮುಖವನ್ನೇ ನೋಡುತ್ತಿರುತ್ತಾರೆ. ಆ ಪ್ರಶ್ನೆಗೆ ಇಂದು ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು ಒಂದೇ ಒಂದು ಮಾತನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು: ಸಿಗರೇಟಿನಿಂದ ಬರುವ ಅಕಾಲ ಮರಣ ಹಣೆಬರಹವಲ್ಲ, ಅದನ್ನು ಕಾನೂನಿನಿಂದ ತಡೆಯಬಹುದು. ತಡೆದೂ ಆಗಿದೆ.

ಈ ವಿಷಯ ಬಂದಾಗಲೆಲ್ಲ ನನಗೆ ಲಂಡನ್ನಿನ ಒಂದು ಅಧ್ಯಯನದ ನೆನಪಾಗುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರದೇಶಗಳಲ್ಲಿ 1922ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರೆಂದು ದಾಖಲಾದವರು 612 ಮಂದಿ. ಇಪ್ಪತ್ತೈದು ವರ್ಷ ಕಳೆದು 1947ಕ್ಕೆ ಬರುವಷ್ಟರಲ್ಲಿ ಆ ಸಂಖ್ಯೆ 9,287 ಆಗಿತ್ತು. ಏಕೆಂದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ಕಾರಣ ಹುಡುಕಲು ಹೊರಟವರು ರಿಚರ್ಡ್ ಡಾಲ್ ಎಂಬ ಯುವ ವೈದ್ಯ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ. ಡಾಲ್ ಅವರಿಗೆ ಮೊದಲು ಅನುಮಾನವಿದ್ದದ್ದು ರಸ್ತೆಗೆ ಹಾಕುವ ಡಾಂಬರಿನ ಮೇಲೆ, ಮೋಟಾರು ವಾಹನಗಳ ಹೊಗೆಯ ಮೇಲೆ. ಸ್ವತಃ ಸಿಗರೇಟು ಸೇದುತ್ತಿದ್ದ ಅವರಿಗೆ ಅದರ ಮೇಲೆ ವಿಶೇಷ ಸಂಶಯವೇನೂ ಇರಲಿಲ್ಲ.

ಆಸ್ಪತ್ರೆಗಳಲ್ಲಿ ಮಲಗಿದ್ದ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ ಬೇರೆ ಕಾಯಿಲೆಯವರನ್ನೂ ಭೇಟಿ ಮಾಡಿ, ಎಷ್ಟನೆಯ ವಯಸ್ಸಿಗೆ ಸೇದಲು ಆರಂಭಿಸಿದಿರಿ, ದಿನಕ್ಕೆ ಎಷ್ಟು ಸೇದುತ್ತೀರಿ, ನಡುವೆ ಬಿಟ್ಟಿದ್ದಿರಾ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳಲಾಯಿತು. ಇಲ್ಲಿ ನಡೆದ ಒಂದು ಸಂಗತಿಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಶ್ವಾಸಕೋಶದ ಕ್ಯಾನ್ಸರ್ ಇದೆಯೆಂದು ನಂಬಿ ಪ್ರಶ್ನೆ ಕೇಳಿದ್ದ ಕೆಲವು ರೋಗಿಗಳಿಗೆ, ಮುಂದೆ ಪರೀಕ್ಷೆಗಳು ಮುಗಿದಾಗ, ಆ ಕಾಯಿಲೆಯೇ ಇರಲಿಲ್ಲವೆಂದು ತಿಳಿಯಿತು. ಪ್ರಶ್ನೆ ಕೇಳಿದವರು ಅವರನ್ನು ಕ್ಯಾನ್ಸರ್ ರೋಗಿಗಳೆಂದೇ ಭಾವಿಸಿದ್ದರು. ಆದ್ದರಿಂದ ಕೇಳಿದವರ ಪೂರ್ವಗ್ರಹವೇನಾದರೂ ಉತ್ತರಗಳಲ್ಲಿ ಸೇರಿಕೊಂಡಿದ್ದರೆ ಈ ಗುಂಪಿನವರ ಲೆಕ್ಕವೂ ಕ್ಯಾನ್ಸರ್ ರೋಗಿಗಳ ಲೆಕ್ಕದಂತೆಯೇ ಇರಬೇಕಿತ್ತು. ಹಾಗಿರಲಿಲ್ಲ, ಅವರು ಸೇದುತ್ತಿದ್ದ ಪ್ರಮಾಣ ಬೇರೆ ಕಾಯಿಲೆಯವರದಕ್ಕೇ ಹೊಂದಿಕೊಂಡಿತ್ತು. ಹೆಚ್ಚು ಸೇದಿದವರೆಂದು ಕಂಡುಬಂದದ್ದು ನಿಜವಾಗಿ ಕ್ಯಾನ್ಸರ್ ಇದ್ದವರು ಮಾತ್ರ. 1950ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸಿಗರೇಟು ಮುಟ್ಟದವರು ಇಬ್ಬರೇ ಇಬ್ಬರು. ಡಾಲ್ ತಾವೂ ಸೇದುವುದನ್ನು ಬಿಟ್ಟುಬಿಟ್ಟರು.

ಮರುವರ್ಷ ಅವರಿಬ್ಬರೂ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು, ನೀವು ಎಷ್ಟು ಸೇದುತ್ತೀರಿ ತಿಳಿಸಿ ಎಂದು ಕೇಳಿದರು. ಉತ್ತರ ಕೊಟ್ಟವರು 40,000ಕ್ಕೂ ಹೆಚ್ಚು. ಆ ವೈದ್ಯರಲ್ಲಿ ಯಾರು, ಯಾವಾಗ, ಯಾವ ಕಾರಣದಿಂದ ತೀರಿಕೊಂಡರೆಂದು ಐವತ್ತು ವರ್ಷ ಬರೆದಿಡಲಾಯಿತು. 2004ರಲ್ಲಿ ಬಂದ ಫಲಿತಾಂಶವನ್ನು ದಯವಿಟ್ಟು ಗಮನವಿಟ್ಟು ಕೇಳಿ: ಕೊನೆಯವರೆಗೂ ಸೇದಿದ ಗಂಡಸರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತಿದ್ದರು. ಮೊಮ್ಮಕ್ಕಳನ್ನು ಆಡಿಸಬೇಕಾದ ಹತ್ತು ವರ್ಷ ಅದು.

ಈ ಕಥೆಯನ್ನು ಹೇಳಲು ಆರಂಭಿಸಿದರೆ ನನಗೆ ನಿಲ್ಲಿಸುವುದು ಕಷ್ಟ. ಉಳಿದದ್ದನ್ನು ಬೇಗ ಹೇಳಬೇಕಾಗಿದೆ. ಅಪಾಯ ತಿಳಿದ ಮಾತ್ರಕ್ಕೆ ಸಾವು ನಿಲ್ಲಲಿಲ್ಲ. ತಿಳಿದದ್ದು ಕಾನೂನಾಗಿ ಬಂದಾಗ ಇಳಿಯಿತು. ಅಮೆರಿಕದಲ್ಲಿ ಸರ್ಜನ್ ಜನರಲ್, ಎಂದರೆ ಅಲ್ಲಿನ ಸರ್ಕಾರದ ಪ್ರಮುಖ ಆರೋಗ್ಯಾಧಿಕಾರಿ, ಧೂಮಪಾನದ ಅಪಾಯಗಳ ಬಗ್ಗೆ ಕೊಟ್ಟ ವರದಿ ಹೊರಬಂದದ್ದು 1964ರಲ್ಲಿ. ಪೊಟ್ಟಣದ ಮೇಲೆ ಎಚ್ಚರಿಕೆ, ರೇಡಿಯೊ ಮತ್ತು ಟೆಲಿವಿಷನ್ ಜಾಹೀರಾತಿಗೆ 1971ರಲ್ಲಿ ನಿಷೇಧ, ಏರುತ್ತಾ ಹೋದ ತೆರಿಗೆ, ಕಚೇರಿಗಳಲ್ಲಿ ಹೋಟೆಲುಗಳಲ್ಲಿ ಧೂಮಪಾನಕ್ಕೆ ತಡೆ, ಇವೆಲ್ಲ ಒಂದರ ಹಿಂದೊಂದು ಬಂದವು. 1964ರಿಂದ 2012ರವರೆಗಿನ ಅವಧಿಯನ್ನು ಲೆಕ್ಕ ಹಾಕಿದ ತಜ್ಞರ ಅಂದಾಜಿನಂತೆ, ಅಲ್ಲಿ ಧೂಮಪಾನದಿಂದ ಸತ್ತವರು ಸುಮಾರು 1 ಕೋಟಿ 77 ಲಕ್ಷ. ಈ ಕ್ರಮಗಳಿಂದಾಗಿ ಅಕಾಲ ಮರಣ ತಪ್ಪಿದ್ದು ಸುಮಾರು 80 ಲಕ್ಷ ಮಂದಿಗೆ. ಅವರೊಬ್ಬೊಬ್ಬರಿಗೂ ಸರಾಸರಿ ಹತ್ತಿರ ಹತ್ತಿರ 20 ವರ್ಷದ ಆಯುಷ್ಯ ಉಳಿದಿದೆ. ನಾನು ಜೀವಮಾನವೆಲ್ಲ ಔಷಧಿ ಬರೆದರೂ ಇಷ್ಟು ಜೀವ ಉಳಿಸಲಾರೆ. ಕಷ್ಟವೇನೆಂದರೆ, ಹೀಗೆ ಉಳಿದವರಿಗೆ ತಾವು ಉಳಿದದ್ದು ಗೊತ್ತಾಗುವುದಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಬೆಲೆ ಕೇಳಿ ಕೈ ಹಿಂದಕ್ಕೆ ತೆಗೆದ ಹುಡುಗ, ಐವತ್ತೈದನೆಯ ವಯಸ್ಸಿನಲ್ಲಿ ಹೃದಯಾಘಾತವಾಗದ ದಿನ, ಆ ತೆರಿಗೆಯನ್ನು ನೆನೆಯುವುದುಂಟೇ? ಅದಕ್ಕಾಗಿಯೇ ನಾನು ಮತ್ತೆ ಮತ್ತೆ ಹೇಳುತ್ತೇನೆ, ಕಾನೂನು ಜೀವ ಉಳಿಸುತ್ತದೆ.

ಎಲ್ಲ ಕ್ರಮಗಳಲ್ಲಿ ಬಲವಾದದ್ದು ಬೆಲೆ. ಬೆಲೆ ನೂರಕ್ಕೆ ಹತ್ತರಷ್ಟು ಏರಿದರೆ ಶ್ರೀಮಂತ ದೇಶಗಳಲ್ಲಿ ಬಳಕೆ ನೂರಕ್ಕೆ ನಾಲ್ಕರಷ್ಟು ಇಳಿಯುತ್ತದೆ, ಉಳಿದ ದೇಶಗಳಲ್ಲಿ ಸುಮಾರು ಐದರಷ್ಟು. ಎಳೆಯರೂ ಕೈಯಲ್ಲಿ ಹಣ ಕಡಿಮೆ ಇರುವವರೂ ಮೊದಲು ಹಿಂದೆ ಸರಿಯುತ್ತಾರೆ. "ತೆರಿಗೆ ಹಾಕಿದರೂ ಸೇದುವವರು ಸೇದಿಯೇ ಸೇದುತ್ತಾರೆ" ಎನ್ನುವ ಮಾತನ್ನು ಕಲಿತವರ ಬಾಯಲ್ಲೂ ಕೇಳುತ್ತೇನೆ. ಅದು ತಪ್ಪು, ಆ ಮಾತನ್ನು ಇನ್ನಾದರೂ ಬಿಡಬೇಕು. ಕೆಲಸದ ಜಾಗಗಳಲ್ಲೆಲ್ಲ ಹೊಗೆಯನ್ನು ನಿಷೇಧಿಸುವ ಕಾನೂನನ್ನು ಇಡೀ ದೇಶಕ್ಕೆ ಮೊದಲು ತಂದದ್ದು ಐರ್ಲೆಂಡ್, 2004ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದ ಜಾರಿಗೆ ಬಂದದ್ದು 2005ರಲ್ಲಿ. ಇವುಗಳ ವಿವರಕ್ಕೆ ಇಂದು ಸಮಯವಿಲ್ಲ.

ಮೊದಲು ಹೇಳಿದ ಪ್ರಶ್ನೆಗೆ ಬರುತ್ತೇನೆ. ಅದೇ ಬ್ರಿಟಿಷ್ ವೈದ್ಯರ ಲೆಕ್ಕದಲ್ಲಿ, ಅರವತ್ತನೆಯ ವಯಸ್ಸಿನಲ್ಲಿ ಬಿಟ್ಟವರು ಸುಮಾರು 3 ವರ್ಷ ಉಳಿಸಿಕೊಂಡರು, ಐವತ್ತರಲ್ಲಿ ಬಿಟ್ಟವರು 6, ನಲವತ್ತರಲ್ಲಿ ಬಿಟ್ಟವರು 9, ಮೂವತ್ತರಲ್ಲಿ ಬಿಟ್ಟವರು ಹೆಚ್ಚು ಕಡಿಮೆ ಹತ್ತಕ್ಕೆ ಹತ್ತೂ ವರ್ಷ. ನಾನು ಈ ನಾಲ್ಕು ಅಂಕಿಗಳನ್ನು ಚೀಟಿಯ ಹಿಂಬದಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ರೋಗಿಯ ವಯಸ್ಸಿಗೆ ತಕ್ಕದ್ದಕ್ಕೆ ಗೆರೆ ಎಳೆದು, ಹಿಂದೆ ನಿಂತಿರುವ ಮಗಳ ಕೈಗೆ ಕೊಡುತ್ತೇನೆ. ನಮಸ್ಕಾರ.