ಗೂಂಬಾ: ಕೊನೆಯಲ್ಲಿ ಹುಟ್ಟಿ ಮೊದಲು ಎದುರಾಗುವ ಶತ್ರು

[ಪರದೆ: ನೀಲಿ ಆಕಾಶ, ಇಟ್ಟಿಗೆ ಬಣ್ಣದ ನೆಲ. ಎಡಬದಿಯಲ್ಲಿ ಮಾರಿಯೋ ಬಲಕ್ಕೆ ಮುಖ ಮಾಡಿ ನಿಂತಿದ್ದಾನೆ.]

ನಮಸ್ಕಾರ. ಸೂಪರ್ ಮಾರಿಯೋ ಬ್ರದರ್ಸ್ ಎಂಬ ವಿಡಿಯೋ ಆಟದ ಮೊದಲ ಹಂತವನ್ನು ನೀವು ನೋಡುತ್ತಿದ್ದೀರಿ. ಬಲಗಡೆಯಿಂದ ಕಂದು ಬಣ್ಣದ ಒಂದು ಜೀವಿ ನಿಧಾನವಾಗಿ ನಡೆದು ಬರುತ್ತದೆ. ಅದಕ್ಕೆ ಕೈಗಳಿಲ್ಲ, ಆಯುಧವಿಲ್ಲ, ಎದುರಿಗೆ ಗುಂಡಿ ಇದ್ದರೆ ನಿಲ್ಲಬೇಕೆಂಬ ತಿಳಿವಳಿಕೆಯೂ ಇಲ್ಲ. ಆದರೆ ತಲೆಯ ಮೇಲೆ ಹಾರದೆ ಅದಕ್ಕೆ ತಾಗಿದರೆ ಮಾರಿಯೋ ಅಲ್ಲಿಗೇ ಮುಗಿಯುತ್ತಾನೆ. ಇದರ ಹೆಸರು ಗೂಂಬಾ.

ಕಾಸರಗೋಡಿನ ನಮ್ಮ ಊರಿಗೆ ಈ ಆಟ ಬಂದದ್ದು ತೊಂಬತ್ತರ ದಶಕದಲ್ಲಿ, ನೆರೆಮನೆಯವರು ಗಲ್ಫಿನಿಂದ ರಜೆಯಲ್ಲಿ ಬರುವಾಗ ತಂದ ಟಿವಿ ಗೇಮಿನ ಕ್ಯಾಸೆಟ್ಟಿನಲ್ಲಿ. ಟಿವಿಯ ಮುಂದೆ ಕುಳಿತ ಮಕ್ಕಳಲ್ಲಿ ಒಬ್ಬರ ಮನೆಮಾತು ತುಳು, ಇನ್ನೊಬ್ಬರದು ಮಲಯಾಳ, ಮತ್ತೊಬ್ಬರದು ಕನ್ನಡ. ಗೂಂಬಾ ಎಂಬ ಹೆಸರು ಯಾರಿಗೂ ಗೊತ್ತಿರಲಿಲ್ಲ. ಒಬ್ಬರಿಗೆ ಅದು ಅಲಂಬು, ಒಬ್ಬರಿಗೆ ಕೂಣ್, ನಮಗೆ ಅಣಬೆ. "ಅಣಬೆ ಬಂತು, ಹಾರು!" ಎಂದು ಹಿಂದಿನಿಂದ ಅಕ್ಕ ಕೂಗುತ್ತಿದ್ದುದು ನನಗೆ ಇಂದಿಗೂ ಕಿವಿಯಲ್ಲಿದೆ. ಕೈಪಿಡಿ ಇರಲಿಲ್ಲ, ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೂ ಎರಡು ಸಲ ಸತ್ತ ಮೇಲೆ ಆಡುವುದು ಹೇಗೆಂದು ಎಲ್ಲರಿಗೂ ತಿಳಿದಿತ್ತು. ಆ ಪಾಠವನ್ನು ಗೂಂಬಾ ಹೇಗೆ ಕಲಿಸಿತು ಎಂಬುದೇ ಇಂದಿನ ವಿಷಯ.

[ಪರದೆ: ಆಮೆಯ ಚಿಪ್ಪು ನೆಲದ ಮೇಲೆ ಜಾರುತ್ತದೆ.]

1985ರ ಸೆಪ್ಟೆಂಬರ್ 13ರಂದು ಜಪಾನಿನಲ್ಲಿ ಬಿಡುಗಡೆಯಾದ ಈ ಆಟವನ್ನು ನಿಂಟೆಂಡೊ ಸಂಸ್ಥೆಯಲ್ಲಿ ಶಿಗೆರು ಮಿಯಮೊಟೊ ಮತ್ತು ತಕಾಶಿ ತೆಜುಕಾ ರೂಪಿಸುತ್ತಿದ್ದಾಗ, ಮೊದಲಿಗೆ ಎದುರಾಗಬೇಕಿದ್ದ ಶತ್ರು ಕೂಪಾ ಟ್ರೂಪಾ ಎಂಬ ಆಮೆಯಾಗಿತ್ತು. ಆಮೆಯನ್ನು ತುಳಿದರೆ ಅದು ಚಿಪ್ಪಿನೊಳಗೆ ಸೇರುತ್ತದೆ, ಚಿಪ್ಪನ್ನು ಒದೆಯಬೇಕು, ಒದ್ದ ಚಿಪ್ಪು ಗೋಡೆಗೆ ಬಡಿದು ತಿರುಗಿ ಬಂದರೆ ಮಾರಿಯೋನಿಗೇ ಅಪಾಯ. ಹಾರುವುದನ್ನೇ ಇನ್ನೂ ಕಲಿಯದವರಿಗೆ ಇದು ಹೊರಲಾರದ ಹೊರೆ. ಆದ್ದರಿಂದ ಒಮ್ಮೆ ತುಳಿದರೆ ಸಾಯುವಂತಹ ಸರಳ ಶತ್ರುವೊಂದು ಬೇಕೆಂದು ತಯಾರಿಯ ಕೊನೆಯ ಹಂತದಲ್ಲಿ ಗೂಂಬಾವನ್ನು ಸೇರಿಸಿದರು.

ಅಷ್ಟು ಹೊತ್ತಿಗೆ ಕ್ಯಾಸೆಟ್ಟಿನಲ್ಲಿ ಜಾಗವೇ ಉಳಿದಿರಲಿಲ್ಲ. ಇಡೀ ಆಟದ ಗಾತ್ರ 40 ಕಿಲೋಬೈಟ್, ಅದರಲ್ಲಿ ಚಿತ್ರಗಳಿಗೆ ದೊರೆತದ್ದು 8 ಕಿಲೋಬೈಟ್ ಮಾತ್ರ. ಹಾಗಾಗಿ ಗೂಂಬಾದ ನಡಿಗೆಗೆ ಒಂದೇ ಚಿತ್ರ ಬಳಸಲಾಗಿದೆ.

[ಪರದೆ: ಗೂಂಬಾದ ಚಿತ್ರ ದೊಡ್ಡದಾಗುತ್ತದೆ; ಮೆಲ್ಲಗೆ ಎಡ-ಬಲ ತಿರುವುಮುರುವಾಗುತ್ತದೆ.]

ಕಾಲುಗಳನ್ನು ಗಮನಿಸಿ. ಒಂದು ಪಾದ ಮುಂದೆ ಚಾಚಿದೆ, ಇನ್ನೊಂದು ಒಳಗೆ ಸರಿದಿದೆ. ಇದೇ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಮತ್ತೆ ಮೊದಲಿನಂತೆ ಮಾಡಿದರೆ ನಮ್ಮ ಕಣ್ಣಿಗೆ ಅದು ಹೆಜ್ಜೆ ಹಾಕಿದಂತೆ ತೋರುತ್ತದೆ. ಮುಖ ಎರಡೂ ಬದಿಗೆ ಒಂದೇ ತೆರನಾಗಿರುವುದರಿಂದಲೇ ಇದು ಸಾಧ್ಯವಾಯಿತು. ಬಡತನದಲ್ಲಿ ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಬೇರೆ ಆಟಗಳಲ್ಲಿ ಕಂಡದ್ದು ಕಡಿಮೆ.

ಜಪಾನಿನಲ್ಲಿ ಇದರ ಹೆಸರು ಕುರಿಬೊ. ಅಲ್ಲಿ 'ಕುರಿ' ಎಂದರೆ ಚೆಸ್ಟ್‌ನಟ್. ನಾವು ಹಲಸಿನ ಬೇಳೆಯನ್ನು ಕೆಂಡದಲ್ಲಿ ಸುಟ್ಟು ತಿನ್ನುವಂತೆ ಅವರು ಸುಟ್ಟು ತಿನ್ನುವ ಕಂದು ಸಿಪ್ಪೆಯ ಕಾಯಿ.

ಇನ್ನು, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗಕ್ಕೆ ಬರೋಣ. ಗೂಂಬಾವನ್ನು ದಾಟಿ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗೆ ತಲೆ ಹೊಡೆದರೆ ಅದರಿಂದ ಇನ್ನೊಂದು ಅಣಬೆ ಹೊರಬರುತ್ತದೆ. ಮಳೆಗಾಲದ ಮೊದಲ ಗುಡುಗಿನ ಮರುದಿನ ಗುಡ್ಡೆಗೆ ಹೋದ ನಮ್ಮ ಮಕ್ಕಳಿಗೆ ಈ ಸಂದಿಗ್ಧ ಹೊಸದಲ್ಲ: ಒಂದು ಅಣಬೆ ಪಲ್ಯಕ್ಕೆ ಆಗುತ್ತದೆ, ಇನ್ನೊಂದು ಜೀವ ತೆಗೆಯುತ್ತದೆ, ನೋಡಲು ಎರಡೂ ಅಣಬೆಯೇ. ಈಗಷ್ಟೇ ಒಂದು ಅಣಬೆಯಿಂದ ಪೆಟ್ಟು ತಿಂದವನು ಇದನ್ನು ಕಂಡು ಓಡುವುದು ಸಹಜ.

[ಪರದೆ: ಅಣಬೆ ಬಲಕ್ಕೆ ಸರಿದು, ಕೆಳಗೆ ಬಿದ್ದು, ಹಸಿರು ಕೊಳವೆಗೆ ತಾಗಿ ಹಿಂದಿರುಗುತ್ತದೆ.]

ಇದನ್ನು ಮಿಯಮೊಟೊ ಮೊದಲೇ ಊಹಿಸಿದ್ದರು. ಅಣಬೆ ಮೊದಲು ದೂರ ಸರಿಯುತ್ತದೆ, ಬಳಿಕ ಕೊಳವೆಗೆ ಬಡಿದು ಮಾರಿಯೋನ ಕಡೆಗೇ ಬರುತ್ತದೆ. ಗಾಬರಿಯಿಂದ ಹಾರಿದರೂ ಮೇಲಿನ ಇಟ್ಟಿಗೆಗಳು ತಲೆಗೆ ತಾಗಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ತಾಗಿದ ಕೂಡಲೇ ಮಾರಿಯೋ ಸಾಯುವ ಬದಲು ದೊಡ್ಡವನಾಗುತ್ತಾನೆ. ಯಾವ ಭಾಷೆಯ ಒಂದಕ್ಷರದ ನೆರವೂ ಇಲ್ಲದೆ, ಕೊಲ್ಲುವ ಅಣಬೆ ಯಾವುದು, ಬೆಳೆಸುವ ಅಣಬೆ ಯಾವುದು ಎಂಬುದು ಮನದಟ್ಟಾಗುತ್ತದೆ.

ಮುಂದಿನ ಆಟಗಳಲ್ಲಿ ಗೂಂಬಾ ರೂಪ ಬದಲಿಸುತ್ತ ಬಂದಿದೆ. 1988ರ ಮೂರನೆಯ ಆಟದಲ್ಲಿ ಅದಕ್ಕೆ ರೆಕ್ಕೆ ಮೂಡಿತು. 1996ರ ಸೂಪರ್ ಮಾರಿಯೋ 64ರಲ್ಲಿ ಅದು ಮಾರಿಯೋನನ್ನು ಕಂಡೊಡನೆ ಮೈಮೇಲೆ ನುಗ್ಗಲು ಕಲಿಯಿತು. 2017ರ ಸೂಪರ್ ಮಾರಿಯೋ ಒಡಿಸ್ಸಿಯಲ್ಲಿ ಮಾತ್ರ ಆಟಗಾರನೇ ಟೋಪಿ ಎಸೆದು ಗೂಂಬಾ ಆಗಬಹುದು. ಆಗ ಮಂಜುಗಡ್ಡೆಯ ಮೇಲೆ ನಡೆದು ನೋಡಿ: ಮಾರಿಯೋ ಜಾರುವ ಜಾಗದಲ್ಲಿ ಗೂಂಬಾದ ಪಾದಗಳು ಜಾರುವುದಿಲ್ಲ.

[ಪರದೆ: ಮಂಜಿನ ಮೇಲೆ ಗೂಂಬಾದ ಎರಡು ಪಾದಗಳು, ಹತ್ತಿರದಿಂದ.]